ಮತ್ತೆ ಮತ್ತೆ ಅದೇ ದೋಷ: ಸಣ್ಣ ಕಾರುಗಳ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರ

ಸಣ್ಣ ಹ್ಯಾಚ್‌ಬ್ಯಾಕ್ ಕಾರುಗಳ ತೊಂದರೆಗಳ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ದೂರನ್ನು ಹೇಳುತ್ತವೆ. ಸರ್ವಿಸ್ ಸೆಂಟರಿನವರು ಸರಿಪಡಿಸಿದೆವೆಂದು ಹೇಳಿ ಕಳಿಸುತ್ತಾರೆ, ತಿಂಗಳೊಳಗೆ ಅದೇ ದೋಷ ಮರುಕಳಿಸುತ್ತದೆ. ಸಾಲದ ಕಂತು ಕಟ್ಟುತ್ತಲೇ ರಿಪೇರಿಗೂ ಹಣ ಸುರಿಯಬೇಕಾದ ಕುಟುಂಬಗಳ ಸಂಕಟ ಈ ಪತ್ರಗಳಲ್ಲಿದೆ. ಒಂದೇ ಬಗೆಯ ದೋಷ ಹಲವು ಸಂಸ್ಥೆಗಳ ಕಾರುಗಳಲ್ಲಿ ಕಾಣಿಸುವುದರಿಂದ, ಪತ್ರ ಬರೆದವರ ಹೆಸರನ್ನೂ ಅವರ ಕಾರಿನ ಹೆಸರನ್ನೂ ಪ್ರಕಟಿಸಿಲ್ಲ.

ಪ್ರಶ್ನೆ: ಮಾನ್ಯರೇ, ನಾನು ಆಸ್ಪತ್ರೆಯಲ್ಲಿ ಶುಶ್ರೂಷಕಿ. ಎರಡು ವರ್ಷದ ಹಿಂದೆ ಕೊಂಡ ಪೆಟ್ರೋಲ್ ಕಾರು, ಎಸಿ ಹಾಕಿಕೊಂಡು ನಿಧಾನವಾಗಿ ಹೋಗುವಾಗ ಇದ್ದಕ್ಕಿದ್ದಂತೆ ನಿಂತುಹೋಗುತ್ತದೆ. ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಆಗಿಲ್ಲವೆಂಬಂತೆ ಓಡುತ್ತದೆ. ಸರ್ವಿಸ್ ಸೆಂಟರಿಗೆ ಒಯ್ದಾಗಲೆಲ್ಲ 'ನಮ್ಮ ಕಡೆ ತೊಂದರೆ ಕಾಣಿಸಲಿಲ್ಲ' ಎನ್ನುತ್ತಾರೆ. ನಾನು ಕಾರು ಓಡಿಸುವ ರೀತಿಯೇ ಸರಿಯಿಲ್ಲವೆಂಬ ಮಾತೂ ಬಂತು. ಏನು ಮಾಡಲಿ? (ಹಾಸನ)

ಉತ್ತರ: ನಿಮ್ಮ ಚಾಲನೆಯ ಮೇಲೆ ತಪ್ಪು ಹೊರಿಸಿದ್ದು ನ್ಯಾಯವಲ್ಲ. ಗೇರು ಹಾಕಿ ಚಲಿಸುತ್ತಿರುವ ಕಾರಿನಲ್ಲಿ, ಕ್ಲಚ್ಚನ್ನು ಸರಿಯಾಗಿ ಒತ್ತಿದ್ದರೂ ಎಂಜಿನ್ ಆರಿಹೋಗುವುದಾದರೆ, ಕಾರಣವನ್ನು ಕಾರಿನಲ್ಲಿಯೇ ಹುಡುಕಬೇಕು. ಎಸಿ ಚಾಲೂ ಆದೊಡನೆ ಅದರ ಕಂಪ್ರೆಸರ್ ಎಂಜಿನ್ನಿನ ಮೇಲೆ ಭಾರ ಹಾಕುತ್ತದೆ. ಆ ಭಾರಕ್ಕೆ ಸರಿಯಾಗಿ ಗಾಳಿ ಮತ್ತು ಪೆಟ್ರೋಲ್ ಹೆಚ್ಚಿಸುವ ಕೆಲಸ ಎಂಜಿನ್ನಿನ ಕಂಪ್ಯೂಟರಿನದು. ಮೂರು ಸಿಲಿಂಡರಿನ ಸಣ್ಣ ಎಂಜಿನ್ನಿನಲ್ಲಿ ಹೆಚ್ಚುವರಿ ಶಕ್ತಿಗೆ ಆಸ್ಪದ ಕಡಿಮೆ. ಹಾಗಾಗಿ ಎಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಥ್ರಾಟಲ್ ಬಾಡಿಯಲ್ಲಿ ಇಂಗಾಲದ ಕಸ ಕಟ್ಟಿಕೊಂಡಿದ್ದರೆ, ಪೆಟ್ರೋಲ್ ಪಂಪಿನ ಒತ್ತಡ ತಗ್ಗಿದ್ದರೆ, ಬಿಸಿಯಾದಾಗ ಮಾತ್ರ ಕೈಕೊಡುವ ಸೆನ್ಸರ್ ಇದ್ದರೆ ಅಥವಾ ಬ್ಯಾಟರಿಯ ಅರ್ತಿಂಗ್ ವೈರು ಸಡಿಲವಾಗಿದ್ದರೆ, ಎಂಜಿನ್ ನಿಧಾನಗತಿಯಲ್ಲಿ ಆ ಭಾರವನ್ನು ತಡೆಯಲಾರದೆ ನಿಲ್ಲುತ್ತದೆ.

ಇಂಥ ದೋಷ ಬಂದು ಹೋಗುವಂಥದ್ದು. ತಣ್ಣಗಾದ ಕಾರನ್ನು ಬೆಳಿಗ್ಗೆ ಗ್ಯಾರೇಜಿನ ಅಂಗಳದಲ್ಲಿ ಒಂದು ಸುತ್ತು ಹಾಕಿಸಿದರೆ ಅದು ಕಾಣಿಸುವುದಿಲ್ಲ. ಆದ್ದರಿಂದ ಮೂರು ಕೆಲಸ ಮಾಡಿ. ಮೊದಲನೆಯದಾಗಿ, ಕಾರು ನಿಂತಾಗಲೆಲ್ಲ ದಿನಾಂಕ, ಓಡಿದ ಕಿಲೋಮೀಟರ್, ಟ್ಯಾಂಕಿನಲ್ಲಿದ್ದ ಪೆಟ್ರೋಲ್, ಎಸಿ ಚಾಲೂ ಇತ್ತೇ, ಡ್ಯಾಷ್‌ಬೋರ್ಡಿನಲ್ಲಿ ಯಾವ ದೀಪ ಹತ್ತಿತು ಎಂಬುದನ್ನು ಬರೆದಿಟ್ಟು, ಸಾಧ್ಯವಾದರೆ ಕಾರನ್ನು ಪಕ್ಕಕ್ಕೆ ನಿಲ್ಲಿಸಿದ ಮೇಲೆ ಮೀಟರಿನ ಫೋಟೊ ತೆಗೆಯಿರಿ. ಎರಡನೆಯದಾಗಿ, ಸ್ಕ್ಯಾನರ್ ಹಾಕಿದಾಗ ಬರುವ ದೋಷದ ಕೋಡುಗಳ ಮುದ್ರಿತ ಪ್ರತಿಯನ್ನು ಕೇಳಿ ಪಡೆಯಿರಿ. 2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್-6 ಎಂಬ ಹೊಗೆ ಮಿತಿಯ ನಿಯಮಕ್ಕೆ ಒಳಪಟ್ಟ ಕಾರುಗಳಲ್ಲಿ ಕೋಡಿನೊಂದಿಗೆ ಆ ಕ್ಷಣದ ವೇಗ, ಎಂಜಿನ್ನಿನ ಸುತ್ತು, ಕೂಲಂಟಿನ ಉಷ್ಣತೆ ಮುಂತಾದವೂ ದಾಖಲಾಗಿರಬಹುದು. ಬ್ಯಾಟರಿಯ ವೈರು ಕಳಚಿದರೆ ಅಥವಾ ಕೋಡುಗಳನ್ನು ಅಳಿಸಿದರೆ ಈ ಸಾಕ್ಷ್ಯ ಹೋಗಿಬಿಡಬಹುದು; ಓದಿ ಮುದ್ರಿಸುವ ಮೊದಲು ಅಳಿಸಬಾರದೆಂದು ಸರ್ವಿಸ್ ಸೆಂಟರಿನ ಅಡ್ವೈಸರಿಗೆ ಸ್ಪಷ್ಟವಾಗಿ ಹೇಳಿ. ಮೂರನೆಯದಾಗಿ, ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಮಧ್ಯಾಹ್ನದ ಹೊತ್ತು, ಎಸಿ ಹಾಕಿ, ನೀವೇ ಪಕ್ಕದಲ್ಲಿ ಕುಳಿತು ಮೆಕ್ಯಾನಿಕ್ಕಿನಿಂದ ಓಡಿಸಿ ನೋಡುವಂತೆ ಕೇಳಿ.

ಸರ್ವಿಸ್ ಸೆಂಟರಿನವರು ನಿಮ್ಮ ದೂರನ್ನು ಬರೆದುಕೊಳ್ಳುವ ಜಾಬ್ ಕಾರ್ಡಿನಲ್ಲಿ 'ಜನರಲ್ ಚೆಕಪ್' ಎಂದು ಬರೆಯಲು ಬಿಡಬೇಡಿ. 'ಎಸಿ ಚಾಲೂ ಇದ್ದಾಗ ನಿಧಾನಗತಿಯಲ್ಲಿ ಎಂಜಿನ್ ಆರುತ್ತದೆ, ಇದೇ ದೂರಿಗೆ ಹಿಂದೆಯೂ ಬಂದಿದ್ದೇನೆ' ಎಂಬ ಮಾತು ಅದರಲ್ಲಿ ಇರಲೇಬೇಕು. ದೋಷ ಕಾಣಿಸಲಿಲ್ಲವೆಂದು ಕಾರನ್ನು ಮರಳಿಸಿದರೆ, ಆ ಮಾತನ್ನೂ ಅದರಲ್ಲೇ ಬರೆಸಿಕೊಳ್ಳಿ.

ಇನ್ನೊಂದು ಮುಖ್ಯ ವಿಷಯ: ನಿಮ್ಮ ಕಾರಿನ ಚಾಸಿ ನಂಬರನ್ನು ತಯಾರಕರ ಜಾಲತಾಣದಲ್ಲಿ ನಮೂದಿಸಿ, ಅದು ಯಾವುದಾದರೂ ರೀಕಾಲ್‌ಗೆ, ಅಂದರೆ ದೋಷ ಸರಿಪಡಿಸಲು ತಯಾರಕರೇ ಕಾರುಗಳನ್ನು ಹಿಂದಕ್ಕೆ ಕರೆಸುವ ಪಟ್ಟಿಗೆ, ಸೇರಿದೆಯೇ ಎಂದು ನೋಡಿ. ಪೆಟ್ರೋಲ್ ಪಂಪಿನ ದೋಷಕ್ಕಾಗಿ ಮಾರುತಿ ಸುಜುಕಿ 2020ರ ಜುಲೈನಲ್ಲಿ 1,34,885 ವ್ಯಾಗನ್‌ಆರ್ ಮತ್ತು ಬಲೆನೊ ಕಾರುಗಳನ್ನು ಹಿಂದಕ್ಕೆ ಕರೆಸಿಕೊಂಡಿತ್ತು. 2024ರ ಮಾರ್ಚಿನಲ್ಲಿ ಪಂಪಿನ ಮೋಟಾರಿನ ಒಂದು ಭಾಗದ ದೋಷದಿಂದ ಎಂಜಿನ್ ನಿಂತುಹೋಗಬಹುದೆಂಬ ಕಾರಣಕ್ಕೆ ಮತ್ತೆ 11,851 ಬಲೆನೊ ಮತ್ತು 4,190 ವ್ಯಾಗನ್‌ಆರ್ ಕಾರುಗಳನ್ನು ಕರೆಸಿತು. ಮಾಲೀಕರಿಗೆ ಸುದ್ದಿ ತಲುಪದೆ ಉಳಿದುಹೋಗುವ ಕಾರುಗಳೂ ಇರುತ್ತವೆ, ಅದರಲ್ಲೂ ಕೈ ಬದಲಾದ ಕಾರುಗಳು. ರೀಕಾಲ್‌ನ ರಿಪೇರಿಗೆ ಮಾಲೀಕರು ಹಣ ಕೊಡಬೇಕಿಲ್ಲ.

ದೋಷ ಪತ್ತೆಯಾಗುವ ತನಕ ಹೆದ್ದಾರಿಯಲ್ಲಿ ಎಚ್ಚರದಿಂದಿರಿ. ಓಡುತ್ತಿರುವಾಗ ಎಂಜಿನ್ ಆರಿದರೆ ಸ್ಟೀರಿಂಗ್ ಭಾರವಾಗಬಹುದು, ಬ್ರೇಕ್ ಒಂದೆರಡು ಸಲ ಒತ್ತಿದ ಮೇಲೆ ಗಟ್ಟಿಯಾಗುತ್ತದೆ. ಬ್ರೇಕನ್ನು ಬಿಟ್ಟು ಬಿಟ್ಟು ಒತ್ತದೆ, ಒಂದೇ ಸಮನೆ ಒತ್ತಿ ಪಕ್ಕಕ್ಕೆ ನಿಲ್ಲಿಸಿ.

ಪ್ರಶ್ನೆ: ನನ್ನದು ಕ್ಲಚ್ ಪೆಡಲ್ ಇಲ್ಲದ, ಎಎಂಟಿ ಗೇರಿನ ಕಾರು. ಊರು ಮಡಿಕೇರಿ, ಕೆಲಸ ಬೆಂಗಳೂರಿನಲ್ಲಿ. ಏರಿನಲ್ಲಿಯೂ ಟ್ರಾಫಿಕ್ಕಿನಲ್ಲಿಯೂ ಕಾರು ಜರ್ಕ್ ಹೊಡೆಯುತ್ತದೆ. ಒಮ್ಮೆ ಕ್ಲಚ್ ಬದಲಾಯಿಸಿದರು, ಆದರೂ ಜರ್ಕ್ ಹೋಗಲಿಲ್ಲ. ಆಟೊಮ್ಯಾಟಿಕ್ ಎಂದು ಹೇಳಿ ಮಾರಿದ ಕಾರಿನಲ್ಲಿ ಕ್ಲಚ್ ಸವೆಯುವುದು ಹೇಗೆ?

ಉತ್ತರ: 2014ರಲ್ಲಿ ಸೆಲೆರಿಯೊ ಮೂಲಕ ನಮ್ಮ ಸಣ್ಣ ಕಾರುಗಳಿಗೆ ಬಂದ ಎಎಂಟಿ, ಮೂಲತಃ ಮ್ಯಾನ್ಯುಯಲ್ ಗೇರ್ ಬಾಕ್ಸೇ. ಕ್ಲಚ್ ಒತ್ತುವ ಮತ್ತು ಗೇರು ಬದಲಿಸುವ ಕೆಲಸವನ್ನು ನಿಮ್ಮ ಕಾಲು, ಕೈಗಳ ಬದಲು ಆಕ್ಚುಯೇಟರ್ ಎಂಬ ಯಂತ್ರ ಮಾಡುತ್ತದೆ. ಒಳಗಿರುವ ಕ್ಲಚ್ ಪ್ಲೇಟ್ ಸಾಮಾನ್ಯ ಕಾರಿನದೇ ಆದ್ದರಿಂದ ಅದೂ ಸವೆಯುತ್ತದೆ. ಮಾರುವಾಗ ಇದನ್ನು ಗ್ರಾಹಕರಿಗೆ ಬಿಡಿಸಿ ಹೇಳುವುದು ಷೋರೂಮಿನವರ ಕರ್ತವ್ಯವಾಗಿತ್ತು.

ಕ್ಲಚ್ ಹೊಸದಾದ ಮೇಲೆ ಅದು ಎಲ್ಲಿ ಹಿಡಿಯುತ್ತದೆ ಎಂಬುದನ್ನು ಗೇರಿನ ಕಂಪ್ಯೂಟರಿಗೆ ಸ್ಕ್ಯಾನರಿನ ಮೂಲಕ ಮತ್ತೆ ಕಲಿಸಬೇಕು. ಈ ಕ್ಯಾಲಿಬ್ರೇಷನ್ ಮಾಡದಿದ್ದರೆ ಹೊಸ ಕ್ಲಚ್ಚಿನಲ್ಲೂ ಹಳೆಯ ಜರ್ಕ್ ಉಳಿಯುತ್ತದೆ. ನಿಮ್ಮ ಬಿಲ್ಲಿನಲ್ಲಿ ಈ ಕೆಲಸದ ನಮೂದು ಇದೆಯೇ ನೋಡಿ. ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. ಆ ನಂತರವೂ ತೊಂದರೆಯಿದ್ದರೆ ಆಕ್ಚುಯೇಟರ್, ಅದರ ಆಯಿಲ್ ಸೋರಿಕೆ ಮತ್ತು ಎಂಜಿನ್ನನ್ನು ಹಿಡಿದಿಡುವ ಮೌಂಟುಗಳ ಪರೀಕ್ಷೆ ಆಗಬೇಕು.

ಚಾಲನೆಯಲ್ಲಿ ನಿಮ್ಮಿಂದ ಆಗಬೇಕಾದದ್ದೂ ಒಂದಿದೆ. ಏರಿನಲ್ಲಿ ಕಾರು ಹಿಂದಕ್ಕೆ ಜಾರದಂತೆ ಆಕ್ಸಿಲರೇಟರ್ ಒತ್ತಿ ಹಿಡಿಯುವ ಅಭ್ಯಾಸ ಹಲವರಿಗಿದೆ. ಆಗ ಕ್ಲಚ್ ಅರ್ಧ ಹಿಡಿದು ಅರ್ಧ ಜಾರುತ್ತಾ ಬಿಸಿಯಾಗುತ್ತದೆ. ಏರಿನಲ್ಲಿ ನಿಂತಾಗ ಬ್ರೇಕ್ ಅಥವಾ ಹ್ಯಾಂಡ್ ಬ್ರೇಕ್ ಬಳಸಿ. ಘಾಟಿಯಲ್ಲಿ ಮ್ಯಾನ್ಯುಯಲ್ ಮೋಡಿಗೆ ಹಾಕಿಕೊಂಡು ತಗ್ಗಿನ ಗೇರಿನಲ್ಲೇ ಹೋಗುವುದು ಕ್ಲಚ್ಚಿಗೂ ಒಳ್ಳೆಯದು, ಇಳಿಜಾರಿನಲ್ಲಿ ಬ್ರೇಕಿಗೂ ಒಳ್ಳೆಯದು.

ಪ್ರಶ್ನೆ: ಪ್ರತಿ ಬೇಸಿಗೆಯಲ್ಲೂ ನಮ್ಮ ಕಾರಿನ ಎಸಿ ತಂಪು ಕೊಡುವುದನ್ನು ನಿಲ್ಲಿಸುತ್ತದೆ. ಗ್ಯಾಸ್ ಖಾಲಿಯಾಗಿದೆ ಎಂದು ತುಂಬಿಸುತ್ತಾರೆ, ಮುಂದಿನ ಬೇಸಿಗೆಗೆ ಮತ್ತೆ ಅದೇ ಕಥೆ. ನಮ್ಮ ಕಡೆಯ ಬಿಸಿಲಿಗೆ ಇದು ಸಹಜವೇ? (ಕಲಬುರಗಿ)

ಉತ್ತರ: ಸಹಜವಲ್ಲ. ಎಸಿಯ ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ, ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಿರುತ್ತದೆ. ಒಂದೇ ವರ್ಷದಲ್ಲಿ ತಂಪೇ ಬರದಷ್ಟು ಕಡಿಮೆಯಾಗಿದೆಯೆಂದರೆ ಎಲ್ಲೋ ಸೋರುತ್ತಿದೆ. ಸೋರುವ ಜಾಗ ಹುಡುಕದೆ ಗ್ಯಾಸ್ ತುಂಬುವುದು ನಿಮ್ಮ ಹಣವನ್ನು ಗಾಳಿಗೆ ಬಿಟ್ಟಂತೆ. ಗ್ಯಾಸಿನ ಜೊತೆಗೆ ಕಂಪ್ರೆಸರಿಗೆ ಬೇಕಾದ ಎಣ್ಣೆಯೂ ಹೊರಹೋಗುವುದರಿಂದ, ಹೀಗೇ ಬಿಟ್ಟರೆ ಕಂಪ್ರೆಸರೇ ಹಾಳಾಗಬಹುದು.

ಮೊದಲು ನೋಡಬೇಕಾದದ್ದು ರೇಡಿಯೇಟರಿನ ಮುಂದಿರುವ, ಗ್ಯಾಸಿನ ಶಾಖವನ್ನು ಹೊರಬಿಡುವ ಕಂಡೆನ್ಸರನ್ನು. ರಸ್ತೆಯ ಸಣ್ಣ ಕಲ್ಲು ಬಡಿದು ತೂತಾಗುವುದು ಸಾಮಾನ್ಯ. ಅಲ್ಲಿ ಎಣ್ಣೆಯ ಕಲೆ ಕಂಡರೆ ಅದೇ ಸೋರುವ ಜಾಗವಿರಬಹುದು. ಕಾಣದಿದ್ದರೆ ನೈಟ್ರೋಜನ್ ಒತ್ತಡ ಹಾಕಿ ಅಥವಾ ಬೆಳಕಿನಲ್ಲಿ ಹೊಳೆಯುವ ಬಣ್ಣ ಬಿಟ್ಟು ಪರೀಕ್ಷಿಸಲಿ. ಡ್ಯಾಷ್‌ಬೋರ್ಡಿನ ಹಿಂದಿರುವ ಕೂಲಿಂಗ್ ಕಾಯಿಲ್ ಸೋರುತ್ತಿದ್ದರೆ ಹಲವು ಕಾರುಗಳಲ್ಲಿ ಡ್ಯಾಷ್‌ಬೋರ್ಡನ್ನೇ ಬಿಚ್ಚಬೇಕಾಗುತ್ತದೆ. ಅದನ್ನು ಅನುಭವಿಗಳ ಕೈಗೇ ಕೊಡಿ, ಇಲ್ಲವಾದರೆ ಕಟಕಟ ಸದ್ದಿನ ಹೊಸ ಕಾಟ ಶುರುವಾಗುತ್ತದೆ. ಎಷ್ಟು ಗ್ರಾಂ ಗ್ಯಾಸ್ ಹಾಕಬೇಕೆಂಬುದು ಸಾಮಾನ್ಯವಾಗಿ ಬಾನೆಟ್ಟಿನ ಕೆಳಗಿನ ಚೀಟಿಯಲ್ಲಿ ಮುದ್ರಿತವಾಗಿರುತ್ತದೆ. ಅಂದಾಜಿನಿಂದ ತುಂಬಿಸಬಾರದು.

ಪ್ರಶ್ನೆ: ಮಳೆಗಾಲದಲ್ಲಿ ಪಕ್ಕದ ಸೀಟಿನ ಕಾಲ ಬಳಿ ನೀರು ನಿಲ್ಲುತ್ತದೆ. ಬಾಗಿಲಿನ ರಬ್ಬರ್ ಬದಲಾಯಿಸಿದರೂ ನಿಂತಿಲ್ಲ. (ತೀರ್ಥಹಳ್ಳಿ)

ಉತ್ತರ: ವೈಪರಿನ ಕೆಳಗೆ ನೀರು ಹರಿದುಹೋಗುವ ದಾರಿಯಲ್ಲಿ ಎಲೆ, ಕಸ ಕಟ್ಟಿಕೊಂಡಿರಬಹುದು. ಮರದಡಿ ಕಾರು ನಿಲ್ಲಿಸುವ ಮಲೆನಾಡಿನವರು ಜೂನ್‌ಗೆ ಮೊದಲೇ ಅದನ್ನು ಶುಚಿಗೊಳಿಸಬೇಕು. ಮಳೆಯಿಲ್ಲದ ದಿನವೂ ಎಸಿ ಹಾಕಿದಾಗ ನೀರು ಬಂದರೆ, ಎಸಿಯ ನೀರು ಹೊರಹೋಗುವ ಕೊಳವೆ ಕಟ್ಟಿದೆಯೆಂದು ತಿಳಿಯಿರಿ. ಕಾರ್ಪೆಟ್ಟನ್ನು ಎತ್ತಿ ಒಣಗಿಸುವುದನ್ನು ಮರೆಯಬೇಡಿ, ಏಕೆಂದರೆ ಅದರಡಿಯ ವೈರುಗಳ ಕನೆಕ್ಟರಿಗೆ ತುಕ್ಕು ಹಿಡಿದರೆ ಬೇರೆಯೇ ದೋಷಗಳು ಹುಟ್ಟಿಕೊಳ್ಳುತ್ತವೆ.

ಪ್ರಶ್ನೆ: 2019ರ ಕಾರು. ಇತ್ತೀಚೆಗೆ ಮೈಲೇಜ್ ಇಳಿದಿದೆ. ಪ್ರತಿ ಸರ್ವಿಸ್‌ನಲ್ಲೂ ಹೇಳುತ್ತೇನೆ, 'ಈಗಿನ ಪೆಟ್ರೋಲೇ ಹಾಗೆ' ಎಂದು ಸುಮ್ಮನಾಗಿಸುತ್ತಾರೆ. ಇದು ನಿಜವೇ? (ದಾವಣಗೆರೆ)

ಉತ್ತರ: ಸ್ವಲ್ಪ ಮಟ್ಟಿಗೆ ನಿಜ. ಈಗಿನ ಪೆಟ್ರೋಲಿಗೆ ಎಥನಾಲ್ ಬೆರೆಸುತ್ತಾರೆ. ಒಂದು ಲೀಟರ್ ಎಥನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಭಾಗದಷ್ಟು ಶಕ್ತಿ ಕಡಿಮೆ. ಹಾಗಾಗಿ ಶೇ 20ರಷ್ಟು ಎಥನಾಲ್ ಬೆರೆತ ಇ-20 ಇಂಧನದಲ್ಲಿ ಮೈಲೇಜ್ ತಗ್ಗುವುದು ಲೆಕ್ಕಕ್ಕೆ ಸಿಗುವ ಮಾತು. ಇ-10ಕ್ಕೆ (ಶೇ 10ರಷ್ಟು ಎಥನಾಲ್) ಹೊಂದಿಸಿದ ಕಾರುಗಳಲ್ಲಿ ಶೇ 6ರಿಂದ 7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ನಿಮ್ಮ ಕಾರು ಲೀಟರಿಗೆ 18 ಕಿ.ಮೀ. ಕೊಡುತ್ತಿದ್ದರೆ ಈಗ 17ರ ಆಸುಪಾಸು ಕೊಡಬೇಕು. 14ಕ್ಕೆ ಇಳಿದಿದ್ದರೆ ಆ ನೆಪ ಸಾಲದು.

ಒಂದೇ ಬಂಕಿನಲ್ಲಿ ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ ಲೆಕ್ಕ ಹಾಕಿ. ಮೀಟರ್ ತೋರಿಸುವ ಅಂಕಿಯನ್ನು ಪೂರ್ತಿ ನಂಬಬೇಡಿ. ವ್ಯತ್ಯಾಸ ಹೆಚ್ಚಿದ್ದರೆ ಟೈರಿನ ಗಾಳಿ, ಏರ್ ಫಿಲ್ಟರ್, ಹಿಡಿದುಕೊಂಡಿರುವ ಬ್ರೇಕ್ ಮತ್ತು ಆಕ್ಸಿಜನ್ ಸೆನ್ಸರನ್ನು ಪರೀಕ್ಷಿಸಲು ಲಿಖಿತವಾಗಿ ಕೇಳಿ. ಹಳೆಯ ಕಾರಿನಲ್ಲಿ ಪೆಟ್ರೋಲ್ ಹರಿಯುವ ರಬ್ಬರ್ ಪೈಪುಗಳನ್ನೂ ಆಗಾಗ ನೋಡಿಸುವುದು ಕ್ಷೇಮ.

ಪ್ರಶ್ನೆ: ಒಂದೇ ದೋಷಕ್ಕೆ ಹಲವು ಸಲ ಸರ್ವಿಸ್ ಸೆಂಟರಿಗೆ ಅಲೆದಿದ್ದೇನೆ. ವಾರಂಟಿ ಇನ್ನೇನು ಮುಗಿಯುತ್ತದೆ. ಅಲ್ಲಿಯವರೆಗೆ ಎಳೆದಾಡಿ ಆಮೇಲೆ ಹಣ ಕೇಳುತ್ತಾರೆಂಬ ಭಯ. ಹೊಸ ಕಾರನ್ನೇ ಕೊಡಿ ಎಂದು ಕೇಳುವ ಹಕ್ಕು ನನಗಿದೆಯೇ? (ತುಮಕೂರು)

ಉತ್ತರ: ನಿಮ್ಮ ಭಯಕ್ಕೆ ಕಾರಣವಿದೆ, ಆದರೆ ಅದಕ್ಕೆ ಮದ್ದೂ ಇದೆ. ವಾರಂಟಿ ಜೀವಂತವಿರುವಾಗಲೇ ದೂರು ದಾಖಲಾಗಿದ್ದು, ಅದು ಬಗೆಹರಿದಿಲ್ಲವೆಂಬುದು ಕಾಗದದಲ್ಲಿದ್ದರೆ, ಅವಧಿ ಮುಗಿಯಿತೆಂಬ ಒಂದೇ ಕಾರಣಕ್ಕೆ ಜಾರಿಕೊಳ್ಳುವುದು ಅವರಿಗೆ ಸುಲಭವಲ್ಲ. ಆದ್ದರಿಂದ ಈ ವಾರವೇ, ಹಿಂದಿನ ಎಲ್ಲ ಜಾಬ್ ಕಾರ್ಡುಗಳ ಪ್ರತಿಯೊಂದಿಗೆ, ಡೀಲರಿಗೂ ತಯಾರಕ ಸಂಸ್ಥೆಯ ಗ್ರಾಹಕ ವಿಭಾಗಕ್ಕೂ ಇ-ಮೇಲ್ ಕಳಿಸಿ. ಫೋನಿನಲ್ಲಿ ಆಡಿದ ಮಾತಿಗೆ ಬೆಲೆ ಕಡಿಮೆ.

ಸಂಸ್ಥೆ ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಸುರಕ್ಷತೆಗೆ ಕುತ್ತು ತರುವ ದೋಷವಾಗಿದ್ದು ಕಾರಿಗೆ 7 ವರ್ಷ ತುಂಬಿಲ್ಲದಿದ್ದರೆ, ಕೇಂದ್ರ ಸಾರಿಗೆ ಸಚಿವಾಲಯದ ವಾಹನ್ ಜಾಲತಾಣದ ರೀಕಾಲ್ ವಿಭಾಗದಲ್ಲಿಯೂ ದೂರು ಕೊಡಿ. 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದಂತೆ, ಒಂದೇ ಮಾದರಿಯ ಬಗ್ಗೆ ನಿಗದಿತ ಸಂಖ್ಯೆಯ ದೂರುಗಳು ಸೇರಿದರೆ ರೀಕಾಲ್‌ಗೆ ಆದೇಶಿಸಲು ಸರ್ಕಾರಕ್ಕೆ ಅವಕಾಶವಿದೆ. ನಿಮ್ಮೊಬ್ಬರ ದೂರು ಅಲ್ಲಿ ಇತರ ಮಾಲೀಕರ ದೂರಿನೊಂದಿಗೆ ಸೇರುತ್ತದೆ. ಅದಕ್ಕಾಗಿಯಾದರೂ ಪ್ರತಿಯೊಬ್ಬ ಮಾಲೀಕರೂ ಇದನ್ನು ಮಾಡಬೇಕೆಂಬುದು ನಮ್ಮ ಕಳಕಳಿಯ ವಿನಂತಿ.

ಇನ್ನು ಹೊಸ ಕಾರಿನ ಮಾತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗವು ದೋಷ ನಿವಾರಣೆ, ಬದಲಿ ವಸ್ತು, ಹಣ ವಾಪಸು, ಪರಿಹಾರ ಇವುಗಳಲ್ಲಿ ಯಾವುದನ್ನಾದರೂ ಆದೇಶಿಸಬಹುದು. ಆದರೆ ಒಂದು ಭಾಗವನ್ನು ಬದಲಿಸಿ ದೋಷ ನೀಗಿಸಬಹುದಾದಾಗ ಇಡೀ ಕಾರನ್ನೇ ಬದಲಿಸಿಕೊಡಬೇಕೆನ್ನುವುದು ಸರಿಯಲ್ಲವೆಂದು ಸುಪ್ರೀಂ ಕೋರ್ಟ್ 2006ರಲ್ಲಿ ಮಾರುತಿ ಉದ್ಯೋಗ್ ಸಂಸ್ಥೆಯ ಪ್ರಕರಣವೊಂದರಲ್ಲಿ ಹೇಳಿದೆ. ಹೀಗಾಗಿ ಕಾರು ತಯಾರಾದಾಗಿನಿಂದಲೇ ದೋಷವಿತ್ತು, ರಿಪೇರಿಯಿಂದ ಅದು ಹೋಗುತ್ತಿಲ್ಲ ಎಂಬುದನ್ನು ನೀವು ತೋರಿಸಬೇಕು. ಸ್ವತಂತ್ರ ಆಟೊಮೊಬೈಲ್ ಎಂಜಿನಿಯರೊಬ್ಬರ ಲಿಖಿತ ವರದಿ ಇಲ್ಲಿ ಬಹಳ ನೆರವಾಗುತ್ತದೆ. ದೂರಿನಲ್ಲಿ ಹೊಸ ಕಾರಿನ ಜೊತೆಗೆ ಪರ್ಯಾಯವಾಗಿ ಉಚಿತ ರಿಪೇರಿ, ವಿಸ್ತರಿಸಿದ ವಾರಂಟಿ ಮತ್ತು ಪರಿಹಾರವನ್ನೂ ಕೇಳಿ.

ಡೀಲರ್ ಮತ್ತು ತಯಾರಕ ಇಬ್ಬರನ್ನೂ ಎದುರುದಾರರನ್ನಾಗಿ ಸೇರಿಸಿ. ಡೀಲರ್ ಮಾಡಿದ ತಪ್ಪಿಗೆ ತಯಾರಕ ತಾನಾಗಿಯೇ ಹೊಣೆಯಾಗುವುದಿಲ್ಲವೆಂದು ಟಾಟಾ ಮೋಟಾರ್ಸ್ ಸಂಸ್ಥೆಯ ಪ್ರಕರಣದಲ್ಲಿ 2021ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ಆದುದರಿಂದ ಯಾರ ತಪ್ಪು ಯಾವುದು, ತಯಾರಿಕೆಯ ದೋಷವೆಷ್ಟು, ರಿಪೇರಿಯ ಲೋಪವೆಷ್ಟು ಎಂಬುದನ್ನು ದೂರಿನಲ್ಲಿ ಬೇರೆ ಬೇರೆಯಾಗಿ ಬರೆಯಬೇಕು.

50 ಲಕ್ಷ ರೂಪಾಯಿವರೆಗಿನ ಖರೀದಿಯ ದೂರುಗಳು ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುತ್ತವೆ. ಕಾರನ್ನು ಬೆಂಗಳೂರಿನಲ್ಲಿ ಕೊಂಡಿದ್ದರೂ ನೀವು ವಾಸಿಸುವ ತುಮಕೂರಿನಲ್ಲಿಯೇ ದೂರು ಕೊಡಬಹುದು. ಕಾರಿನ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ, 10 ಲಕ್ಷದವರೆಗೆ 200 ರೂಪಾಯಿ. ವಕೀಲರಿಲ್ಲದೆ ನೀವೇ ವಾದಿಸಲೂ ಅವಕಾಶವಿದೆ. ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ಸಲ್ಲಿಸಬೇಕೆಂಬ ಮಿತಿಯನ್ನು ಮಾತ್ರ ಮರೆಯಬೇಡಿ. 'ಮುಂದಿನ ತಿಂಗಳು ಬನ್ನಿ' ಎಂಬ ಭರವಸೆಗಳಲ್ಲಿ ಆ ಅವಧಿ ಕಳೆದುಹೋದವರ ಪತ್ರಗಳೂ ನಮ್ಮ ಮುಂದಿವೆ.