ಮಗುವಿನ ಪ್ರಶ್ನೆಗೆ ಅಲ್ಲಿಯೇ ಉತ್ತರ ಕೊಡಿ

ಪತ್ರ: ಬಸ್ಸಿನಲ್ಲಿ ಊರುಗೋಲು ಹಿಡಿದು ಹತ್ತಿದವರನ್ನು ತೋರಿಸಿ ನನ್ನ ಐದು ವರ್ಷದ ಮಗಳು, ‘ಅಮ್ಮಾ, ಇವರ ಒಂದು ಕಾಲು ಎಲ್ಲಿ ಹೋಯ್ತು?’ ಎಂದು ಗಟ್ಟಿಯಾಗಿ ಕೇಳಿದಳು. ನಾಚಿಕೆಯಿಂದ ಅವಳ ಬಾಯಿ ಮುಚ್ಚಿದೆ. ಅವಳ ತರಗತಿಯಲ್ಲಿ ಆಟಿಸಂ (ಮಿದುಳಿನ ಬೆಳವಣಿಗೆಯಲ್ಲಿನ ಭಿನ್ನತೆ) ಇರುವ ಹುಡುಗನಿದ್ದಾನೆ. ಗದ್ದಲವಾದರೆ ಕಿವಿ ಮುಚ್ಚಿಕೊಂಡು ಕೂಗುತ್ತಾನಂತೆ. ಇದನ್ನೆಲ್ಲ ತಿಳಿವಳಿಕೆ ಬಂದ ಮೇಲೆ ಹೇಳಿದರೆ ಸಾಲದೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಸಹೋದರಿ, ಹತ್ತು ಜನರೆದುರು ತಮ್ಮ ದೇಹದ ಚರ್ಚೆಯನ್ನು ಕೇಳಿಸಿಕೊಳ್ಳುವುದು ಯಾರಿಗೂ ಹಿತವಲ್ಲ, ನಿಮ್ಮ ಸಂಕೋಚಕ್ಕೆ ಅಷ್ಟರ ಮಟ್ಟಿಗೆ ಕಾರಣವಿದೆ. ಆದರೆ ನೀವು ಬಾಯಿ ಮುಚ್ಚಿಸಿದ್ದರಿಂದ ಅವರ ಮುಜುಗರವೇನೂ ಕಡಿಮೆಯಾಗಲಿಲ್ಲ, ಇದು ಬಾಯಿಬಿಟ್ಟು ಆಡಬಾರದ ಸಂಗತಿಯೆಂಬ ಪಾಠ ಮಾತ್ರ ಮಗುವಿಗೆ ಆಯಿತು. ‘ಎಲ್ಲರ ದೇಹವೂ ಒಂದೇ ರೀತಿ ಇರುವುದಿಲ್ಲ, ಅವರು ಊರುಗೋಲಿನ ಸಹಾಯದಿಂದ ನಡೆಯುತ್ತಾರೆ’ ಎಂದಿದ್ದರೆ ಸಾಕಿತ್ತು. ಕಾಲು ಹೋದ ಕಾರಣ ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದೇ ಹೇಳಬಹುದು.

ತಿಳಿವಳಿಕೆ ಬರಲೆಂದು ನೀವು ಕಾಯುತ್ತೀರಿ, ಉಳಿದವರು ಕಾಯುವುದಿಲ್ಲ. ಅಷ್ಟರೊಳಗೆ ಮನೆಯ ಹಿರಿಯರು ಹೋದ ಜನ್ಮದ ಕರ್ಮವೆಂದು ಹೇಳಿರುತ್ತಾರೆ, ಓಣಿಯ ಹುಡುಗರು ಕುಂಟ, ಕುರುಡ ಎಂಬ ಅಡ್ಡಹೆಸರುಗಳನ್ನು ಕಲಿಸಿರುತ್ತಾರೆ, ತೊದಲುವವನನ್ನು ಕಂಡರೆ ನಗಬೇಕೆಂದು ಸಿನಿಮಾಗಳು ತೋರಿಸಿಕೊಟ್ಟಿರುತ್ತವೆ. ಗದಗಿನ ವೀರೇಶ್ವರ ಪುಣ್ಯಾಶ್ರಮದ ವಿಷಯವನ್ನು ನಿಮ್ಮ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ತಾವೇ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು ಅಂಧ ಮಕ್ಕಳಿಗೆ ಸಂಗೀತ ಕಲಿಸಿದರು. ಶೈಶವದಲ್ಲೇ ದೃಷ್ಟಿ ಕಳೆದುಕೊಂಡ ಪುಟ್ಟರಾಜ ಗವಾಯಿಗಳು ಅವರ ಶಿಷ್ಯರಾಗಿ ಬೆಳೆದು, 2010ರಲ್ಲಿ ಪದ್ಮಭೂಷಣರಾದರು. ಇಬ್ಬರ ಪಟಕ್ಕೂ ಹಾರ ಹಾಕುವ ನಾವು, ಕಣ್ಣು ಕಾಣದ ಮಗು ಅಕ್ಷರ ಓದುವ ಬಗೆಯನ್ನು ಮಕ್ಕಳಿಗೆ ತೋರಿಸುವ ಗೋಜಿಗೆ ಹೋಗುವುದಿಲ್ಲ. ಬ್ರೈಲ್ ಲಿಪಿಗೆ ಬೇಕಾದದ್ದು ಆರೇ ಚುಕ್ಕಿಗಳು. ಎಡಗಡೆಯ ಮೇಲಿನ ಚುಕ್ಕಿಯೊಂದೇ ಉಬ್ಬಿದ್ದರೆ ಅದು ನಮ್ಮ ‘ಅ’. ದಪ್ಪ ಕಾಗದದ ಹಿಂಬದಿಯಿಂದ ಸೂಜಿಯಲ್ಲಿ ಒತ್ತಿ, ಮಗಳ ಬೆರಳಿಗೆ ಮುಟ್ಟಿಸಿ ನೋಡಿ. (ಪವಾಡದ ಕಥೆಗಳಿಗಿಂತ ಇದರ ರುಚಿಯೇ ಹೆಚ್ಚೆಂದು ನನ್ನ ಎಣಿಕೆ.)

ಸಹಪಾಠಿಯ ವಿಷಯವೂ ಅಷ್ಟೆ. ನಮಗೆ ಸಾಧಾರಣವೆನಿಸುವ ಸದ್ದು ಅವನಿಗೆ ತಡೆಯಲಾರದಷ್ಟು ಜೋರಾಗಿ ಕೇಳಿಸಬಹುದು, ಆಗ ಅವನು ಕೂಗುತ್ತಾನೆ, ಅದು ನೆಗಡಿಯಂತೆ ಅಂಟುವ ಕಾಯಿಲೆಯಲ್ಲ ಎಂದರೆ ಐದರ ಮಗುವಿಗೆ ಅರ್ಥವಾಗುತ್ತದೆ. ಅರ್ಥವಾಗದಿರುವುದು ದೊಡ್ಡವರಿಗೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ ಸೇರಿದಂತೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿ, ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ತಾರತಮ್ಯವಿಲ್ಲದೆ ಇಂಥ ಮಕ್ಕಳನ್ನು ಸೇರಿಸಿಕೊಳ್ಳಬೇಕೆಂದು ಹೇಳಿದೆ. ಆದರೂ ‘ನಮ್ಮಲ್ಲಿ ತರಬೇತಾದ ಶಿಕ್ಷಕರಿಲ್ಲ, ಉಳಿದ ಪೋಷಕರು ಒಪ್ಪುವುದಿಲ್ಲ’ ಎಂದು ನಯವಾಗಿ ಸಾಗಹಾಕುವುದು ನಿಂತಿಲ್ಲ. 2011ರ ಜನಗಣತಿಯ ಪ್ರಕಾರವೇ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದರು. ಮೆಟ್ಟಿಲು ಹತ್ತದೆ ಒಳಗೆ ಹೋಗಲಾಗದ ಕಚೇರಿ, ಕಲ್ಯಾಣ ಮಂಟಪಗಳನ್ನು ಕಟ್ಟಿ ಅವರನ್ನು ಮನೆಯಲ್ಲೇ ಕೂರಿಸಿದವರು ನಾವು. ಅಪರೂಪಕ್ಕೆ ಒಬ್ಬರು ಬಸ್ಸು ಹತ್ತಿದಾಗ ನಿಮ್ಮ ಮಗಳು ಬೆರಗಾದದ್ದು ಅವಳ ತಪ್ಪೇ?

ಮುಂದಿನ ಪೋಷಕರ ಸಭೆಯಲ್ಲಿ ಆ ಹುಡುಗನಿಂದ ಪಾಠಕ್ಕೆ ತೊಂದರೆಯೆಂದು ಯಾರಾದರೂ ದನಿಯೆತ್ತಿದರೆ, ಎದ್ದು ನಿಂತು ಅವನ ಪರವಾಗಿ ಮಾತನಾಡಿ. ಅದಕ್ಕೂ ಮೊದಲು ಅವನ ತಾಯಿಗೆ ಫೋನು ಮಾಡಿ, ಮಗಳ ಹುಟ್ಟುಹಬ್ಬದಲ್ಲಿ ಬಲೂನು ಒಡೆಯುವುದನ್ನು ಬಿಟ್ಟರೆ ಅವನು ಬಂದಾನೇ ಎಂದು ಕೇಳಿ.
– ಸಂಪಾದಕ