ಕಣ್ಣಿನ ಕ್ಲಿನಿಕ್‌ನಲ್ಲಿ ಫೋನ್ ಎತ್ತುವವರಿಗೆ ಮೊದಲು ಏನು ಕಲಿಸಬೇಕು?

ದಾವಣಗೆರೆಯಲ್ಲಿ ಪತ್ನಿ ತೆರೆದಿರುವ ಕಣ್ಣಿನ ಕ್ಲಿನಿಕ್‌ನ ಆಡಳಿತ ನೋಡಿಕೊಳ್ಳುತ್ತಿದ್ದೀರಿ. ಫೋನ್‌ಗೆಂದು ಸೇರಿಸಿಕೊಂಡ ಇಬ್ಬರು ಹೆಣ್ಣುಮಕ್ಕಳಿಗೆ ರೋಗಗಳ ಪಟ್ಟಿಯಿಂದಲೇ ತರಬೇತಿ ಆರಂಭಿಸಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ನಾನು ಆಪ್ಟೊಮೆಟ್ರಿಸ್ಟ್, ಅಂದರೆ ದೃಷ್ಟಿ ತಪಾಸಣೆ ಮಾಡುವವರು, ನಮ್ಮ ಆಸ್ಪತ್ರೆಯ ಫೋನ್ ಸಿಬ್ಬಂದಿಯನ್ನು ಸಿದ್ಧಗೊಳಿಸುವ ಹೊಣೆ ಬಹುಕಾಲದಿಂದ ನನ್ನದೇ. ರೋಗಗಳ ಹೆಸರು ದಿನ ಕಳೆದಂತೆ ತಾವಾಗಿಯೇ ಬಾಯಿಗೆ ಬರುತ್ತವೆ. ಮೊದಲ ದಿನವೇ ಕಲಿಸಬೇಕಾದದ್ದು ಒಂದು ಪ್ರಶ್ನೆ: "ಇದು ಯಾವಾಗಿನಿಂದ?"

"ಅಪ್ಪನಿಗೆ ಕಣ್ಣು ಮಂಜಾಗಿದೆ, ಬುಧವಾರ ಕರೆದುಕೊಂಡು ಬರಲೇ ಮೇಡಂ?" ಎಂಬ ಕರೆ ದಿನವೂ ಬರುತ್ತದೆ. ಆರು ತಿಂಗಳಿನಿಂದ ನಿಧಾನವಾಗಿ ಮಂಜಾಗಿದ್ದರೆ ಬಹುಶಃ ಪೊರೆ, ಬುಧವಾರವಾದರೂ ತೊಂದರೆಯಿಲ್ಲ. ಬೆಳಿಗ್ಗೆ ಎದ್ದಾಗ ಒಂದು ಕಣ್ಣು ಪೂರ್ತಿ ಕತ್ತಲಾಗಿತ್ತು, ನೋವೇನೂ ಇಲ್ಲ ಎಂದರೆ ಅಕ್ಷಿಪಟಲದ (ಕಣ್ಣಿನ ಹಿಂಬದಿಯ ರೆಟಿನಾ) ರಕ್ತನಾಳ ಕಟ್ಟಿಕೊಂಡಿರಬಹುದು. ಅದೂ ಒಂದು ಬಗೆಯ ಪಾರ್ಶ್ವವಾಯು, ಉಳಿದಿರುವುದು ಕೆಲವೇ ಗಂಟೆ. ಕರೆ ಆ ಕ್ಷಣವೇ ವೈದ್ಯರ ಕೈಗೆ ಹೋಗಬೇಕು. ಹೊಸಬರು ನೋವು ಎಷ್ಟಿದೆ ಎಂಬುದರಿಂದ ತುರ್ತನ್ನು ಅಳೆಯುತ್ತಾರೆ. ಈ ಅಭ್ಯಾಸವನ್ನು ಮೊದಲು ಬಿಡಿಸಿ. ಮಿಂಚು ಹೊಳೆದಂತಾಗುತ್ತಿದೆ, ಕಪ್ಪು ಚುಕ್ಕೆಗಳು ಹಾರಾಡುತ್ತಿವೆ, ಒಂದು ಬದಿಯಿಂದ ಪರದೆ ಇಳಿದಂತಿದೆ ಎನ್ನುವವರಿಗೂ ನೋವಿರುವುದಿಲ್ಲ. ಅಕ್ಷಿಪಟಲ ಕಳಚುತ್ತಿರಬಹುದು, ಅದೇ ದಿನ ನೋಡಬೇಕು.

ಎರಡು ಸೂಚನೆಗಳನ್ನು ಮಾತ್ರ ಬಾಯಿಪಾಠ ಮಾಡಿಸಿ, ಏಕೆಂದರೆ ಒಂದಕ್ಕೊಂದು ತದ್ವಿರುದ್ಧ. ಮಗುವಿನ ಕಣ್ಣಿಗೆ ಎಲೆ ಅಡಿಕೆಯ ಸುಣ್ಣ ಸಿಡಿದಿದೆ ಎಂದು ತಾಯಿ ಕೂಗಿಕೊಂಡರೆ ಹೆಸರು, ವಯಸ್ಸು ಕೇಳುತ್ತಾ ಕೂರಬಾರದು. "ಈಗಲೇ ರೆಪ್ಪೆ ಅಗಲಿಸಿ ಶುದ್ಧ ನೀರು ಸುರಿಯಿರಿ, ಅರ್ಧ ಗಂಟೆ ನಿಲ್ಲಿಸಬೇಡಿ, ಆಮೇಲೆ ಹೊರಡಿ" ಎನ್ನಬೇಕು. ಸುಣ್ಣ ಕ್ಷಾರ, ಆಸಿಡ್‌ಗಿಂತಲೂ ಆಳಕ್ಕೆ ಇಳಿಯುತ್ತದೆ, ದಾರಿಯಲ್ಲಿ ಕಳೆದ ಪ್ರತಿ ನಿಮಿಷವೂ ಕಣ್ಣಿಗೇ ನಷ್ಟ. ಆದರೆ ಕಣ್ಣಿಗೆ ತಂತಿಯೋ ಗಾಜೋ ಚುಚ್ಚಿದ್ದರೆ ನೀರು ಹಾಕಬಾರದು, ಒತ್ತಬಾರದು, ಚುಚ್ಚಿದ್ದನ್ನು ಕೀಳಬಾರದು. ಕಣ್ಣಿಗೆ ತಾಗದಂತೆ ಕಾಗದದ ಲೋಟ ಮುಚ್ಚಿ ಹೊರಡಬೇಕು. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ಏನನ್ನೂ ತಿನ್ನಿಸಬಾರದು, ಕುಡಿಸಬಾರದು.

ನಿಮ್ಮದು ಭದ್ರಾ ಅಚ್ಚುಕಟ್ಟಿನ ಭತ್ತದ ಸೀಮೆ. ಕೊಯ್ಲಿನ ದಿನಗಳಲ್ಲಿ ಭತ್ತದ ಹೊಟ್ಟೋ ಗರಿಯೋ ತಾಗಿ ಕಣ್ಣು ಕೆಂಪಾದವರ ಕರೆಗಳು ಬಂದೇ ಬರುತ್ತವೆ. ಅವರಲ್ಲಿ ಅನೇಕರು ಮೆಡಿಕಲ್ ಶಾಪಿನಿಂದ ಡ್ರಾಪ್ಸ್ ತಂದು ಹಾಕಿಕೊಂಡಿರುತ್ತಾರೆ. ಅದರಲ್ಲಿ ಸ್ಟೀರಾಯ್ಡ್ ಇದ್ದು, ಕಣ್ಣಿನಲ್ಲಿ ಶಿಲೀಂಧ್ರದ ಹುಣ್ಣಿದ್ದರೆ ಅದು ಇನ್ನಷ್ಟು ಬೆಳೆಯುತ್ತದೆ. ಎಲೆಯ ರಸ, ಎದೆಹಾಲು ಹಾಕಿರುವವರೂ ಇರುತ್ತಾರೆ. ಫೋನಿನಲ್ಲಿರುವವರು ಅವರನ್ನು ಗದರಿಸಬಾರದು. ಗದರಿಸಿದರೆ ಮುಂದಿನ ಬಾರಿ ಮುಚ್ಚಿಡುತ್ತಾರೆ. "ಏನು ಹಾಕಿದ್ದೀರೋ ಆ ಬಾಟಲಿ ತನ್ನಿ, ಇವತ್ತೇ ಬನ್ನಿ" ಎಂದರೆ ಸಾಕು. ತಾವಾಗಿ ಯಾವ ಡ್ರಾಪ್ಸ್‌ನ ಹೆಸರನ್ನೂ ಹೇಳಕೂಡದು.

ಪೊರೆ ಶಸ್ತ್ರಚಿಕಿತ್ಸೆ ಆದವರು ನೋವು, ಕೆಂಪು, ದೃಷ್ಟಿ ಮತ್ತೆ ಮಂಕು ಎಂದರೆ ಒಳಗೆ ಸೋಂಕು ತಗುಲಿರಬಹುದು. "ನಿಮ್ಮ ರಿವ್ಯೂ ಶುಕ್ರವಾರ ಇದೆಯಲ್ಲ" ಎಂಬ ಉತ್ತರ ನಿಮ್ಮ ಕ್ಲಿನಿಕ್‌ನಿಂದ ಎಂದಿಗೂ ಹೋಗಬಾರದು.

ಹಣದ ಮಾತು ಇದೆಲ್ಲ ಕೇಳಿದ ಮೇಲೆ. ತಪಾಸಣೆಯ ಶುಲ್ಕವನ್ನು ನೇರವಾಗಿ ಹೇಳಲಿ. ಜೊತೆಗೆ, ಪಾಪೆ ಹಿಗ್ಗಿಸುವ ಔಷಧಿ ಹಾಕಿದರೆ ಕೆಲವು ಗಂಟೆ ಮಂಜಾಗುತ್ತದೆ, ಬೈಕ್ ಓಡಿಸಿಕೊಂಡು ಬರಬೇಡಿ ಎಂದೂ ತಿಳಿಸಲಿ. ಪೊರೆ ಶಸ್ತ್ರಚಿಕಿತ್ಸೆಯ ದರ ಮುಖ್ಯವಾಗಿ ಲೆನ್ಸ್ ಮೇಲೆ ನಿಂತಿರುವುದರಿಂದ ಫೋನಿನಲ್ಲಿ ಒಂದೇ ಅಂಕಿ ಹೇಳಿ ಕೈತೊಳೆದುಕೊಳ್ಳಬಾರದು. ಪ್ಯಾಕೇಜಿನಲ್ಲಿ ಔಷಧಿ, ಪರೀಕ್ಷೆ, ಮರುಭೇಟಿ ಸೇರಿವೆಯೇ ಎಂಬುದನ್ನು ಬಿಡಿಸಿ ಹೇಳಲಿ. ಸರ್ಕಾರದ ಚಿಕಿತ್ಸಾ ನೆರವಿನ ಯೋಜನೆಯಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಬಗ್ಗೆ ಕೇಳಿದರೆ, ನಿಮ್ಮ ಕ್ಲಿನಿಕ್ ನೋಂದಾಯಿತವೇ ಎಂಬುದು ಮೊದಲ ಉತ್ತರ. ನೋಂದಾಯಿತವಾಗಿದ್ದರೆ ಪಡಿತರ ಚೀಟಿ ಮತ್ತು ಆಧಾರ್ ತರಲು ಹೇಳಲಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ನೆರವಿದ್ದರೆ, ಎಪಿಎಲ್‌ನವರಿಗೆ ಸರ್ಕಾರ ಭರಿಸುವುದು ಪ್ಯಾಕೇಜ್ ದರದ ಶೇ 30 ಮಾತ್ರ. ಒಪ್ಪಿಗೆ ಬರುವ ಮೊದಲೇ "ಉಚಿತ" ಎಂದುಬಿಟ್ಟರೆ, ಸಾಲ ಮಾಡಿ ಬಸ್ ಹತ್ತಿ ಬಂದ ಮುದುಕರಿಗೆ ಕೌಂಟರಿನಲ್ಲಿ ಅವಮಾನವಾಗುತ್ತದೆ. ಖಾಸಗಿ ವಿಮೆಯಲ್ಲಿ ಪೊರೆಗೆ ಸಾಮಾನ್ಯವಾಗಿ 2 ವರ್ಷ ಕಾಯುವ ಅವಧಿ ಇರುತ್ತದೆ, ಮೊತ್ತಕ್ಕೂ ಮಿತಿ ಇರಬಹುದು. ಪಾಲಿಸಿ ಪ್ರತಿ ತರಿಸಿಕೊಳ್ಳಿ.

ತರಬೇತಿಯ ಮೊದಲ ವಾರ ಅವರಿಬ್ಬರನ್ನು ಫೋನ್ ಬಳಿ ಬಿಡದೆ ಒಪಿಡಿಯಲ್ಲಿ ಕೂರಿಸಿ. ರೋಗಿಗಳ ಮಾತು ಕಿವಿಗೆ ಬೀಳಲಿ. ಆಮೇಲೆ ಪಕ್ಕದ ಕೋಣೆಯಿಂದ ನೀವೇ ಗಾಬರಿಗೊಂಡ ಮಗನಂತೆಯೋ ದರ ಚೌಕಾಸಿ ಮಾಡುವವರಂತೆಯೋ ಕರೆ ಮಾಡಿ ನೋಡಿ. ಅನುಮಾನ ಬಂದ ಕರೆಯನ್ನು ವೈದ್ಯರಿಗೆ ಕೊಟ್ಟದ್ದಕ್ಕೆ ಯಾರನ್ನೂ ಬೈಯಬೇಡಿ, ಅದು ಬರೀ ಮದ್ರಾಸ್ ಐ ಆಗಿದ್ದರೂ ಸರಿ. ಕ್ಲಿನಿಕ್ ಮುಚ್ಚಿದ ಮೇಲೆ ಬರುವ ಕರೆಗಳನ್ನು ಯಾರು ಎತ್ತುತ್ತಾರೆ, ರಾತ್ರಿ ರೋಗಿಯನ್ನು ಯಾವ ಆಸ್ಪತ್ರೆಗೆ ಕಳುಹಿಸಬೇಕು ಎಂಬುದನ್ನು ಈ ವಾರವೇ ಪತ್ನಿಯವರೊಡನೆ ಕೂತು ತೀರ್ಮಾನಿಸಿ, ಆ ಸಂಖ್ಯೆಗಳನ್ನು ಫೋನಿನ ಪಕ್ಕದಲ್ಲೇ ಅಂಟಿಸಿ.