ಓದುಗರ ಪ್ರಶ್ನೆ: ಮನೆಯಿಂದಲೇ ಹೋಗಿಬರುವ ಪಿಯು ಕಾಲೇಜು ಸಾಕೇ?

ಪ್ರಶ್ನೆ: ನಾನು ಜಗಳೂರು ತಾಲ್ಲೂಕಿನ ಒಂದು ಹಳ್ಳಿಯ ರೈತ. ಮಗಳು ಊರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಓದುತ್ತಿದ್ದಾಳೆ. ಡಾಕ್ಟರಾಗಬೇಕೆಂಬುದು ಅವಳ ಆಸೆ. ದಾವಣಗೆರೆಯ ಒಂದು ಖಾಸಗಿ ಕಾಲೇಜಿನವರು ಪಿಯುಸಿಯ ಜೊತೆಗೇ ನೀಟ್ ಮತ್ತು ಸಿಇಟಿ ಕೋಚಿಂಗ್ ಕೊಡುವುದಾಗಿ ಹೇಳಿ, ಈಗಲೇ ಮುಂಗಡ ಕಟ್ಟಿ ಸೀಟು ಹಿಡಿದುಕೊಳ್ಳಿ ಎನ್ನುತ್ತಿದ್ದಾರೆ. ಹಾಸ್ಟೆಲ್ ಇರುವ ಕಾಲೇಜಿಗೆ ಕಳಿಸುವಷ್ಟು ಶಕ್ತಿ ನಮಗಿಲ್ಲ. ನಗರದಲ್ಲಿ ನನ್ನ ಅಕ್ಕನ ಮನೆಯಿದ್ದು, ಮಗಳು ಅಲ್ಲಿದ್ದುಕೊಂಡು ದಿನವೂ ಕಾಲೇಜಿಗೆ ಹೋಗಿಬರಬಹುದು. ಹಾಸ್ಟೆಲ್ ಮಕ್ಕಳ ಸಮಕ್ಕೆ ಅವಳು ನಿಲ್ಲಬಲ್ಲಳೇ? ನಗರದ ಕಾಲೇಜು ಸೇರಿದರೆ ಗ್ರಾಮೀಣ ಮೀಸಲಾತಿ ತಪ್ಪುತ್ತದೆ ಎಂದು ಕೆಲವರು ಹೆದರಿಸುತ್ತಾರೆ. ನಿಜವೇ?
— ಒಬ್ಬ ತಂದೆ, ಜಗಳೂರು ತಾಲ್ಲೂಕು

ಉತ್ತರ: ಮೊದಲು ನಿಮ್ಮ ಕೊನೆಯ ಭಯವನ್ನು ನಿವಾರಿಸುತ್ತೇನೆ. ರಾಜ್ಯದ ವೃತ್ತಿಪರ ಕೋರ್ಸುಗಳ ಸೀಟು ಹಂಚಿಕೆಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಇರುವ ಶೇ 15ರ ಮೀಸಲಾತಿಗೆ ಲೆಕ್ಕಕ್ಕೆ ಬರುವುದು ಒಂದರಿಂದ ಹತ್ತನೆಯ ತರಗತಿಯವರೆಗಿನ ಓದು ಮಾತ್ರ; ಕನ್ನಡ ಮಾಧ್ಯಮದವರಿಗೆ ಇರುವ ಶೇ 5ರ ಮೀಸಲಾತಿಗೂ ಅದೇ ಹತ್ತು ವರ್ಷಗಳೇ ಆಧಾರ. ಪಿಯುಸಿಯನ್ನು ದಾವಣಗೆರೆಯಲ್ಲಿ, ಅದೂ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಮಾತ್ರಕ್ಕೆ ಇವೆರಡೂ ಕೈತಪ್ಪುವುದಿಲ್ಲ. ಆದರೆ ಹತ್ತೂ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಜಗಳೂರು ಪಟ್ಟಣ ಪಂಚಾಯಿತಿಯಾಗಿರುವುದರಿಂದ ನಡುವೆ ಒಂದು ವರ್ಷ ಅಲ್ಲಿನ ಶಾಲೆಗೆ ಹೋಗಿದ್ದರೂ ತೊಡಕಾದೀತು. ವ್ಯಾಸಂಗ ಪ್ರಮಾಣಪತ್ರಗಳನ್ನು ಮುಖ್ಯ ಶಿಕ್ಷಕರಿಂದ ಬರೆಸಿ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲು ರುಜು ಹಾಕಿಸಿ ಈಗಲೇ ಇಟ್ಟುಕೊಳ್ಳಿ. ಸಿಇಟಿ ಅರ್ಜಿಯ ಕೊನೆಯ ವಾರದಲ್ಲಿ ಬಿಇಒ ಕಚೇರಿಯ ಮುಂದೆ ನಿಲ್ಲುವ ಸರದಿಯನ್ನು ನೋಡಿದವರಿಗೆ ಈ ಮಾತಿನ ಬೆಲೆ ಗೊತ್ತು.

ಇನ್ನು ಕಾಲೇಜಿನ ವಿಷಯ. ಹಾಸ್ಟೆಲ್ಲೋ ಮನೆಯೋ ಎಂಬ ಪ್ರಶ್ನೆಗಿಂತ, ಆ ಕಾಲೇಜಿನಲ್ಲಿ ದಿನವೂ ಪಾಠ ಮಾಡುವವರು ಯಾರು ಮತ್ತು ಪಾಠ ಮುಗಿದ ಮೇಲೆ ಮಗುವಿಗೆ ತಾನೇ ಕುಳಿತು ಓದಲು ಎಷ್ಟು ಹೊತ್ತು ಉಳಿಯುತ್ತದೆ ಎಂಬ ಪ್ರಶ್ನೆ ದೊಡ್ಡದು ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಳಿಗ್ಗೆ ಎಂಟಕ್ಕೆ ಒಳಗೆ ಹೋಗಿ ಸಂಜೆ ಆರೂವರೆಗೆ ಹೊರಬರುವ ಮಗು ಬಸ್ಸು ಹಿಡಿದು ಮನೆ ಸೇರಿ ಊಟ ಮಾಡುವಷ್ಟರಲ್ಲಿ ರಾತ್ರಿ ಎಂಟಾಗಿರುತ್ತದೆ. ಆ ಹೊತ್ತಿಗೆ ಅಂದು ಕೇಳಿದ ಭೌತಶಾಸ್ತ್ರದ ಲೆಕ್ಕವನ್ನು ಪುಸ್ತಕ ಮುಚ್ಚಿಟ್ಟು ತಾನೇ ಮಾಡಿನೋಡುವ ತ್ರಾಣ ಎಷ್ಟು ಮಕ್ಕಳಿಗೆ ಇದ್ದೀತು? ನೀಟ್‌ನಲ್ಲಿ 180 ಪ್ರಶ್ನೆಗಳು, 720 ಅಂಕಗಳು. ಸರಿಯುತ್ತರಕ್ಕೆ ನಾಲ್ಕು ಅಂಕ ಬಂದರೆ ತಪ್ಪುತ್ತರಕ್ಕೆ ಒಂದು ಅಂಕ ಕಳೆಯುತ್ತಾರೆ. ಇಂಥ ಪರೀಕ್ಷೆಯನ್ನು ಕೇಳಿಸಿಕೊಂಡ ಪಾಠದ ಬಲದಿಂದ ಎದುರಿಸಲಾಗದು. ತಾನೇ ಮಾಡಿ, ತಪ್ಪಿ, ತಿದ್ದಿಕೊಂಡ ಲೆಕ್ಕಗಳೇ ಕೈಹಿಡಿಯುವುದು. ಮನೆಯಿಂದ ಹೋಗಿಬರುವ ಹುಡುಗಿಗೆ ಸಂಜೆ ಎರಡು ಗಂಟೆ ಸ್ವಂತಕ್ಕೆ ಸಿಗುವುದಾದರೆ ಅವಳು ಯಾವ ಹಾಸ್ಟೆಲ್ ವಿದ್ಯಾರ್ಥಿಗೂ ಕಡಿಮೆಯಿಲ್ಲ. ಅತ್ತೆಯ ಮನೆಯಲ್ಲಿ ಅವಳಿಗೊಂದು ಮೂಲೆ, ಒಂದು ಮೇಜು ಇದೆಯೇ, ಟಿವಿ ಯಾವ ಕೋಣೆಯಲ್ಲಿದೆ ಎಂಬುದನ್ನು ಸಂಕೋಚವಿಲ್ಲದೆ ಅಕ್ಕನವರೊಂದಿಗೆ ಮಾತನಾಡಿಕೊಳ್ಳಿ. ಊರಿನಿಂದಲೇ ದಿನವೂ ಓಡಾಡಿಸುವ ಯೋಚನೆ ಮಾತ್ರ ಬೇಡ. ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆಯಿಂದ ಟಿಕೆಟ್ ಹಣ ಉಳಿದರೂ ದಾರಿಯಲ್ಲಿ ಹೋದ ಗಂಟೆಗಳು ಮರಳಿ ಬಾರವು.

ಪ್ರವೇಶಕ್ಕೆ ಮುನ್ನ ಒಂದು ಸಾಮಾನ್ಯ ಕೆಲಸದ ದಿನ, ಮುನ್ಸೂಚನೆ ಕೊಡದೆ, ಆ ಕಾಲೇಜಿಗೆ ಹೋಗಿಬನ್ನಿ. ಸ್ವಾಗತ ಕೊಠಡಿಯಲ್ಲಿ ಕಾಫಿ ಕೊಟ್ಟು ತೋರಿಸುವ ಬಣ್ಣದ ಪುಸ್ತಿಕೆಯನ್ನು ಬದಿಗಿಟ್ಟು, ಲ್ಯಾಬಿಗೆ ಹೋಗಿ ದ್ವಿತೀಯ ಪಿಯುಸಿಯ ಯಾರಾದರೂ ವಿದ್ಯಾರ್ಥಿಯ ರಸಾಯನಶಾಸ್ತ್ರದ ರೆಕಾರ್ಡ್ ಪುಸ್ತಕವನ್ನು ನೋಡಲು ಕೇಳಿ. ಒಂದೊಂದು ಪ್ರಯೋಗದ ಕೆಳಗೂ ಬೇರೆ ಬೇರೆ ತಿಂಗಳ ದಿನಾಂಕವಿರುವ ಸಹಿ ಇದ್ದರೆ ಅಲ್ಲಿ ಪ್ರಯೋಗಗಳು ನಡೆಯುತ್ತಿವೆ ಎಂದರ್ಥ. ಎಲ್ಲ ಪುಟಗಳಿಗೂ ಒಂದೇ ದಿನ, ಒಂದೇ ಪೆನ್ನಿನಲ್ಲಿ ಸಹಿ ಬಿದ್ದಿದ್ದರೆ ಮಕ್ಕಳು ಬ್ಯುರೆಟ್ ಮುಟ್ಟದೆಯೇ ವರ್ಷ ಕಳೆದಿದ್ದಾರೆ. ಭೌತ, ರಸಾಯನ, ಜೀವಶಾಸ್ತ್ರಗಳಲ್ಲಿ ತಲಾ 30 ಅಂಕ ಪ್ರಾಯೋಗಿಕ ಪರೀಕ್ಷೆಯದು ಎಂಬುದನ್ನು ಕೋಚಿಂಗ್ ಭರಾಟೆಯಲ್ಲಿ ಮರೆಯುವ ಕಾಲೇಜುಗಳಿವೆ. ಹಾಗೆಯೇ ಹಿಂದಿನ ಕಿರುಪರೀಕ್ಷೆಯ ತಿದ್ದಿದ ಉತ್ತರ ಪತ್ರಿಕೆಯನ್ನು ತೋರಿಸಲು ಹೇಳಿ. ಕೆಂಪು ಶಾಯಿಯಲ್ಲಿ ಬರೀ ಅಂಕವಿದೆಯೋ, ಎಲ್ಲಿ ಏಕೆ ತಪ್ಪಿತೆಂದು ಒಂದು ಸಾಲಾದರೂ ಬರೆದಿದ್ದಾರೋ ನೋಡಿ. ಉಪನ್ಯಾಸಕರು ಎಷ್ಟು ವರ್ಷದಿಂದ ಅಲ್ಲಿದ್ದಾರೆ ಎಂಬುದನ್ನು ಆಡಳಿತ ಮಂಡಳಿಯ ಬದಲು ಗೇಟಿನ ಹೊರಗೆ ಸಿಗುವ ವಿದ್ಯಾರ್ಥಿಗಳನ್ನು ಕೇಳಿದರೆ ನಿಜ ತಿಳಿಯುತ್ತದೆ. ವರ್ಷದ ನಡುವೆ ಮೂರು ಸಲ ಮೇಷ್ಟ್ರು ಬದಲಾದ ವಿಷಯದಲ್ಲಿ ಯಾವ ಕೋಚಿಂಗೂ ಫಲ ಕೊಡುವುದಿಲ್ಲ.

ಫಲಿತಾಂಶ ಬಂದ ವಾರ ವೃತ್ತಗಳಲ್ಲೆಲ್ಲ ನಿಲ್ಲುವ ಫ್ಲೆಕ್ಸುಗಳನ್ನು ಅಳತೆಗೋಲಾಗಿ ಹಿಡಿಯಬೇಡಿ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಕೋಚಿಂಗ್ ಜಾಹೀರಾತಿನಲ್ಲಿ ವಿದ್ಯಾರ್ಥಿಯ ಫೋಟೊ ಹಾಕಬೇಕಾದರೆ ಆಯ್ಕೆಯಾದ ನಂತರ ಪಡೆದ ಅವರ ಒಪ್ಪಿಗೆ ಬೇಕು. ಅವರು ಯಾವ ಕೋರ್ಸು, ಎಷ್ಟು ಅವಧಿ ಓದಿದರು ಎಂಬುದನ್ನೂ ತಿಳಿಸಬೇಕು. ಎರಡು ವರ್ಷ ಓದಿದವನೂ ಕೊನೆಯ ತಿಂಗಳ ಅಣಕು ಪರೀಕ್ಷೆಗೆ ಮಾತ್ರ ಬಂದವನೂ ಒಂದೇ ಗಾತ್ರದ ಫೋಟೊದಲ್ಲಿ ನಗುತ್ತಿರಬಹುದು. ನೀವು ಕೇಳಬೇಕಾದದ್ದು, ಹೋದ ವರ್ಷ ಇಲ್ಲಿ ಒಟ್ಟು ಎಷ್ಟು ಮಂದಿ ನೀಟ್ ಬರೆದರು, ಅವರಲ್ಲಿ ಎಷ್ಟು ಮಂದಿಗೆ ಸರ್ಕಾರಿ ಕೋಟಾದ ಸೀಟು ಸಿಕ್ಕಿತು ಎಂಬುದನ್ನು. ಮೊದಲನೆಯ ಸಂಖ್ಯೆಯನ್ನು ಹೇಳಲು ತಡವರಿಸುವವರ ಎರಡನೆಯ ಸಂಖ್ಯೆಯನ್ನು ನಾನಂತೂ ನಂಬುವುದಿಲ್ಲ.

ಕೋಚಿಂಗ್‌ಗೆಂದು ಕೊಡುವ ದಪ್ಪ ದಪ್ಪ ಮೆಟೀರಿಯಲ್‌ಗಳಿಗೂ ಮರುಳಾಗಬೇಕಿಲ್ಲ. ನಮ್ಮ ಪಿಯುಸಿ ವಿಜ್ಞಾನದ ಪಠ್ಯ ಎನ್‌ಸಿಇಆರ್‌ಟಿಯದೇ. ನೀಟ್‌ನ ತಳಹದಿಯೂ ಬಹುಮಟ್ಟಿಗೆ ಅದೇ. ವೈದ್ಯಕೀಯ ಸೀಟಿಗೆ ನೀಟ್ ರ್‍ಯಾಂಕ್ ಮುಖ್ಯವೆಂಬುದು ನಿಜ, ಪಿಯುಸಿ ಅಂಕಗಳು ಅಲ್ಲಿ ಅರ್ಹತೆಗಷ್ಟೇ. ಆದರೆ ಎಂಜಿನಿಯರಿಂಗ್ ಮತ್ತು ಬಿ.ಎಸ್ಸಿ. ಕೃಷಿಗೆ ಸಿಇಟಿ ರ್‍ಯಾಂಕ್ ಕೊಡುವಾಗ ಪಿಯುಸಿ ಅಂಕಗಳಿಗೆ ಅರ್ಧ ಪಾಲಿದೆ. ಕೃಷಿ ಪದವಿಗೆ ಕೃಷಿಕರ ಮಕ್ಕಳಿಗೆಂದೇ ಪ್ರತ್ಯೇಕ ಕೋಟಾ ಮತ್ತು ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆಯೂ ಇರುವುದರಿಂದ, ಹೊಲದ ಕೆಲಸ ಬಲ್ಲ ನಿಮ್ಮ ಮಗಳು ಆ ದಾರಿಯನ್ನೂ ತೆರೆದಿಟ್ಟುಕೊಳ್ಳಲಿ. ಪಿಯುಸಿ ಪಾಠವನ್ನು ಬದಿಗೊತ್ತಿ ನೀಟ್ ಒಂದನ್ನೇ ಜಪಿಸುವ ಕಾಲೇಜು ಈ ದಾರಿಗಳನ್ನು ಮುಚ್ಚುತ್ತದೆ. ಹಾಜರಾತಿ ಶೇ 75 ಇಲ್ಲದೆ ಪರೀಕ್ಷೆಗೆ ಕೂರಿಸುವುದಿಲ್ಲವೆಂಬ ನಿಯಮವೂ ಇರುವಾಗ, ಹೆಸರು ಒಂದು ಕಡೆ, ಪಾಠ ಇನ್ನೊಂದು ಕಡೆ ಎಂಬ ವ್ಯವಸ್ಥೆಗೆ ಒಪ್ಪಲೇಬೇಡಿ.

ಭಾಷೆಯ ಬಗ್ಗೆ ನೀವು ಕೇಳಿಲ್ಲವಾದರೂ ಹೇಳಿಬಿಡುತ್ತೇನೆ. ಮೊದಲ ಮೂರು ತಿಂಗಳು ಅವಳಿಗೆ ಕಷ್ಟವಾಗುತ್ತದೆ. ಬೋರ್ಡಿನ ಮೇಲಿನ ಲೆಕ್ಕ ಅರ್ಥವಾಗಿಯೂ ಎದ್ದು ನಿಂತು ಉತ್ತರಿಸಲು ಬಾಯಿ ಬಾರದೆ, ಊರಿಗೆ ಬರುತ್ತೇನೆಂದು ಅಳಬಹುದು. ಬೇಸಿಗೆ ರಜೆಯಲ್ಲೇ ಪ್ರಥಮ ಪಿಯುಸಿಯ ಇಂಗ್ಲಿಷ್ ಮಾಧ್ಯಮದ ವಿಜ್ಞಾನ ಪುಸ್ತಕದ ಒಂದೆರಡು ಅಧ್ಯಾಯಗಳನ್ನು ಹತ್ತನೆಯ ತರಗತಿಯ ಕನ್ನಡ ಮಾಧ್ಯಮದ ವಿಜ್ಞಾನ ಪುಸ್ತಕದ ಜೊತೆಗಿಟ್ಟು ಓದಿಸಿ. ನೀಟ್ ಪ್ರಶ್ನೆಪತ್ರಿಕೆ 2017ರಿಂದ ಕನ್ನಡದಲ್ಲೂ ಸಿಗುತ್ತಿದೆ. ಅನುವಾದದಲ್ಲಿ ಗೊಂದಲವಾದರೆ ಇಂಗ್ಲಿಷ್‌ನಲ್ಲಿರುವ ಪ್ರಶ್ನೆಯೇ ಅಂತಿಮವಾದುದರಿಂದ ಎರಡನ್ನೂ ನೋಡಿಕೊಳ್ಳುವ ಅಭ್ಯಾಸ ಬೇಕು.

ಮುಂಗಡವನ್ನು ಈಗ ಕಟ್ಟಬೇಡಿ. ಪಿಯು ಪ್ರವೇಶ ನಡೆಯುವುದು ಎಸ್‌ಎಸ್‌ಎಲ್‌ಸಿ ಫಲಿತಾಂಶದ ನಂತರ ಇಲಾಖೆ ಪ್ರಕಟಿಸುವ ವೇಳಾಪಟ್ಟಿಯಂತೆ. ಸೀಟು ಮುಗಿದುಹೋಗುತ್ತದೆ ಎಂಬ ಅವಸರ ಅವರದೇ ಹೊರತು ನಿಮ್ಮದಲ್ಲ.

ಪ್ರಶ್ನೆ: ಮಗನನ್ನು ಕೋಚಿಂಗ್ ಸಹಿತ ಪಿಯು ಕಾಲೇಜಿಗೆ ಸೇರಿಸಿ ಎರಡು ವರ್ಷದ ಹಣವನ್ನು ಒಟ್ಟಿಗೇ ಕಟ್ಟಿದ್ದೆವು. ಅವನಿಗೆ ಹೊಂದಿಕೆಯಾಗದೆ ನಾಲ್ಕು ತಿಂಗಳಿಗೆ ಬಿಡಿಸಿದೆವು. ಉಳಿದ ಹಣ ವಾಪಸು ಬರುವುದೇ?
— ಒಬ್ಬ ತಾಯಿ, ಚಿತ್ರದುರ್ಗ

ಉತ್ತರ: ನಿಮ್ಮ ರಸೀದಿಯಲ್ಲಿ ಏನಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಕೇಂದ್ರ ಶಿಕ್ಷಣ ಸಚಿವಾಲಯದ 2024ರ ಜನವರಿಯ ಮಾರ್ಗಸೂಚಿಯಂತೆ, ಪೂರ್ತಿ ಹಣ ಕಟ್ಟಿ ಕೋಚಿಂಗನ್ನು ನಡುವೆ ಬಿಟ್ಟವರಿಗೆ ಉಳಿದ ಅವಧಿಯ ಶುಲ್ಕವನ್ನು ಹತ್ತು ದಿನಗಳೊಳಗೆ ಮರಳಿಸಬೇಕು. ಕೋಚಿಂಗ್ ಒಂದು ಸೇವೆಯಾದ್ದರಿಂದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಅವಕಾಶವಿದೆ; ಪಿಯು ಕಾಲೇಜಿನ ಬೋಧನಾ ಶುಲ್ಕದ ತಕರಾರಿಗೆ ಮಾತ್ರ ಮೊದಲು ಹೋಗಬೇಕಾದದ್ದು ಪದವಿಪೂರ್ವ ಶಿಕ್ಷಣ ಇಲಾಖೆಯ ಜಿಲ್ಲಾ ಉಪನಿರ್ದೇಶಕರ ಬಳಿಗೆ. ಎರಡನ್ನೂ ಸೇರಿಸಿ ಒಂದೇ ಮೊತ್ತ ಬರೆದ ಚೀಟಿ ಕೊಟ್ಟಿದ್ದರೆ, ಇದರಲ್ಲಿ ಕೋಚಿಂಗ್ ಎಷ್ಟು, ಕಾಲೇಜು ಎಷ್ಟು ಎಂದು ನೋಂದಾಯಿತ ಅಂಚೆಯಲ್ಲಿ ಲಿಖಿತವಾಗಿ ಕೇಳಿ. ಕೋಚಿಂಗ್ ಶುಲ್ಕಕ್ಕೆ ಶೇ 18 ಜಿಎಸ್‌ಟಿ ಇದೆ, ಪಿಯು ಶಿಕ್ಷಣಕ್ಕೆ ಇಲ್ಲ. ಹಾಗಾಗಿ ಈ ಪ್ರಶ್ನೆಗೆ ಉತ್ತರ ಕೊಡುವುದು ಕೆಲವು ಆಡಳಿತ ಮಂಡಳಿಗಳಿಗೆ ಮುಜುಗರದ ಸಂಗತಿ, ಎಷ್ಟೋ ಸಲ ಅಲ್ಲಿಗೇ ಮಾತುಕತೆ ಶುರುವಾಗುತ್ತದೆ. ವರ್ಗಾವಣೆ ಪತ್ರ ಮತ್ತು ಮೂಲ ಅಂಕಪಟ್ಟಿಯನ್ನು ಹಣದ ತಕರಾರಿಗೆ ತಳುಕು ಹಾಕಿ ತಡೆದರೆ ಉಪನಿರ್ದೇಶಕರಿಗೆ ಅದನ್ನು ಪ್ರತ್ಯೇಕ ಅರ್ಜಿಯಾಗಿ ಕೊಡಿ.

ಪ್ರಶ್ನೆ: ಮಗ ಎಂಟನೆಯ ತರಗತಿ. ಈಗಿನಿಂದಲೇ ನೀಟ್ ಫೌಂಡೇಶನ್ ಕೋರ್ಸಿಗೆ ಹಾಕಬೇಕೇ?
— ಎಂಸಿಸಿ ಬಿ ಬ್ಲಾಕ್, ದಾವಣಗೆರೆ

ಉತ್ತರ: ಬೇಡ. ಮೇಲೆ ಹೇಳಿದ ಸಚಿವಾಲಯದ ಮಾರ್ಗಸೂಚಿಯೇ ಹದಿನಾರು ತುಂಬದ, ಪ್ರೌಢಶಾಲೆಯ ಪರೀಕ್ಷೆ ಮುಗಿಸದ ಮಕ್ಕಳನ್ನು ಕೋಚಿಂಗ್‌ಗೆ ಸೇರಿಸಿಕೊಳ್ಳಬಾರದು ಎನ್ನುತ್ತದೆ. ಶಾಲೆಯ ಗಣಿತವನ್ನು ಗೈಡ್ ನೋಡದೆ ತಾನೇ ಮಾಡುತ್ತಾನೆಯೇ ಎಂದು ವಾರಕ್ಕೊಮ್ಮೆ ಪಕ್ಕದಲ್ಲಿ ಕುಳಿತು ನೋಡಿ. ಭಿನ್ನರಾಶಿಯಲ್ಲಿ, ಬೀಜಗಣಿತದಲ್ಲಿ ಎಡವುತ್ತಿದ್ದರೆ ಶಾಲೆಯ ಗಣಿತದ ಮೇಷ್ಟ್ರನ್ನು ಕಂಡು ಮಾತನಾಡಿ.